ಕ್ಲಾಸಿಕ್ ಕಾರುಗಳ ಡ್ಯಾಶ್‌ಬೋರ್ಡ್ ನವೀಕರಣ

ಕ್ಲಾಸಿಕ್ ಕಾರುಗಳ ಡ್ಯಾಶ್‌ಬೋರ್ಡ್ ನವೀಕರಣ ಎಂದರೆ ಹಳೆಯ ಕಾರುಗಳಲ್ಲಿ ಚಾಲಕನ ಎದುರಿಗಿರುವ ಫಲಕವನ್ನೂ ಅದರಲ್ಲಿ ಅಳವಡಿಸಿರುವ ವೇಗ, ಇಂಧನ, ಎಣ್ಣೆಯ ಒತ್ತಡ, ಉಷ್ಣತೆ ಮೊದಲಾದವುಗಳ ಮಾಪಕಗಳನ್ನೂ ದುರಸ್ತಿ ಮಾಡುವ ಅಥವಾ ಬದಲಾಯಿಸುವ ಕಾರ್ಯ. ಮೇಲ್ನೋಟಕ್ಕೆ ಇದು ಅಲಂಕಾರದ ಕೆಲಸವೆಂದು ತೋರುತ್ತದೆ. ಆದರೆ ಮಾಪಕವು ಒಂದು ಸರಪಳಿಯ ಕೊನೆಯ ಕೊಂಡಿ ಮಾತ್ರ. ಸಂವೇದಕ, ತಂತಿ, ಅರ್ತ್ ಸಂಪರ್ಕ ಮತ್ತು ವಿದ್ಯುತ್ ಪೂರೈಕೆ ಪರಸ್ಪರ ಹೊಂದಿಕೊಂಡಾಗ ಮಾತ್ರ ಮುಳ್ಳು ನಿಜವನ್ನು ತೋರಿಸುತ್ತದೆ. ಚಾಲಕನು ನಂಬುವುದರಿಂದ, ತಪ್ಪು ತೋರಿಸುವ ಹೊಸ ಮಾಪಕವು ನಿಂತುಹೋದ ಹಳೆಯ ಮಾಪಕಕ್ಕಿಂತ ಹೆಚ್ಚು ಅಪಾಯಕಾರಿ.

ಹಿನ್ನೆಲೆ

ಕಾರಿನ ಮಾಪಕಗಳಲ್ಲಿ ಕೆಲವು ಕಾರಿಗಿಂತಲೂ ಹಳೆಯವು. ಎಣ್ಣೆಯ ಒತ್ತಡವನ್ನು ಅಳೆಯುವ ಬಾಗಿದ ಕೊಳವೆಗೆ ಫ್ರಾನ್ಸಿನ ಯುಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದನು. ಒತ್ತಡ ಹೆಚ್ಚಿದಂತೆ ಕೊಳವೆ ನೇರವಾಗಲು ಯತ್ನಿಸುತ್ತದೆ. ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಸುಳಿವಿದ್ಯುತ್ತಿನ ತತ್ತ್ವವನ್ನು ಆಧರಿಸಿದ ವೇಗಮಾಪಕಕ್ಕೆ ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದನು. ಇದರಲ್ಲಿ ಗೇರ್‌ಬಾಕ್ಸಿನಿಂದ ಬರುವ ಬಾಗುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತವು ಅಲ್ಯೂಮಿನಿಯಂ ಬಟ್ಟಲನ್ನು ತನ್ನೊಡನೆ ಎಳೆಯುತ್ತದೆ, ತೆಳುವಾದ ಸ್ಪ್ರಿಂಗ್ ಅದನ್ನು ತಡೆಹಿಡಿಯುತ್ತದೆ.

ಬ್ರಿಟನ್ನಿನ ಸ್ಮಿತ್ಸ್, ಜರ್ಮನಿಯ ವಿಡಿಒ ಮತ್ತು ಅಮೆರಿಕದ ಸ್ಟೂವರ್ಟ್-ವಾರ್ನರ್ ಇಂತಹ ಮಾಪಕಗಳ ಪ್ರಮುಖ ತಯಾರಕ ಸಂಸ್ಥೆಗಳಾಗಿದ್ದವು. 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ ಸ್ಮಿತ್ಸ್ ಮಾಪಕಗಳಿದ್ದವು.

ವಿದ್ಯುತ್ ಪೂರೈಕೆ

ಅನೇಕ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವನ್ನು ಕಾರಿನ ಲೋಹದ ದೇಹಕ್ಕೆ ಜೋಡಿಸಲಾಗುತ್ತಿತ್ತು. ಎಂಜಿಬಿಯಲ್ಲಿ ಈ ಪದ್ಧತಿ 1967ರವರೆಗೆ ಇತ್ತು. ಆಮೇಲೆ ಡೈನಮೊ ಬದಲಿಗೆ ಆಲ್ಟರ್ನೇಟರ್ ಬಂದಾಗ ಋಣಾಗ್ರವನ್ನು ದೇಹಕ್ಕೆ ಜೋಡಿಸುವ ಪದ್ಧತಿ ಜಾರಿಯಾಯಿತು. ಇಂದಿನ ಹೆಚ್ಚಿನ ಎಲೆಕ್ಟ್ರಾನಿಕ್ ಉಪಕರಣಗಳು ಋಣ ಅರ್ತ್‌ಗಾಗಿಯೇ ತಯಾರಾಗುತ್ತವೆ. ಆದ್ದರಿಂದ ಮೊದಲು ಕಾರಿನ ಧ್ರುವೀಯತೆಯನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

1960ರ ದಶಕದ ಅನೇಕ ಬ್ರಿಟಿಷ್ ಕಾರುಗಳ ಇಂಧನ ಮತ್ತು ಉಷ್ಣತಾ ಮಾಪಕಗಳಲ್ಲಿ ಎರಡು ಲೋಹಗಳ ಪಟ್ಟಿಯೊಂದು ಬಿಸಿಯಾಗಿ ಬಾಗುವ ಮೂಲಕ ಮುಳ್ಳು ಚಲಿಸುತ್ತದೆ. ಇವುಗಳಿಗೆ ಸ್ಟೆಬಿಲೈಸರ್ ಎಂಬ ಸಣ್ಣ ಸಾಧನವು ಸರಾಸರಿ 10 ವೋಲ್ಟ್ ಒದಗಿಸುತ್ತದೆ. ಈ ಸಾಧನದ ಅರ್ತ್ ಸಂಪರ್ಕ ಸಡಿಲಗೊಂಡರೆ ಇಂಧನ, ಉಷ್ಣತೆ ಎರಡೂ ಒಟ್ಟಿಗೆ ಹೆಚ್ಚಾಗಿ ಕಾಣುತ್ತವೆ. ಅಂತಹ ಸಂದರ್ಭದಲ್ಲಿ ಮಾಪಕಗಳನ್ನು ಬದಲಾಯಿಸುವ ಅಗತ್ಯವಿರುವುದಿಲ್ಲ. ಸಂಪರ್ಕವನ್ನು ಸರಿಪಡಿಸಿದರೆ ಅಥವಾ ಎಲೆಕ್ಟ್ರಾನಿಕ್ ಸ್ಟೆಬಿಲೈಸರ್ ಹಾಕಿದರೆ ಸಾಕು.

ಸಂವೇದಕಗಳ ಹೊಂದಾಣಿಕೆ

ಇಂಧನ ಟ್ಯಾಂಕಿನೊಳಗಿನ ತೇಲುಗುಂಡು ಏರಿಳಿದಂತೆ ಅದಕ್ಕೆ ಜೋಡಿಸಿದ ವಿದ್ಯುತ್ ರೋಧವೂ ಬದಲಾಗುತ್ತದೆ. ಈ ರೋಧದ ಅಳತೆ ತಯಾರಕರಿಂದ ತಯಾರಕರಿಗೆ ಭಿನ್ನ. 1960ರ ದಶಕದ ನಡುಭಾಗದ ನಂತರದ ಜನರಲ್ ಮೋಟರ್ಸ್ ಕಾರುಗಳಲ್ಲಿ ಟ್ಯಾಂಕ್ ಖಾಲಿಯಿದ್ದಾಗ 0 ಓಮ್, ತುಂಬಿದಾಗ 90 ಓಮ್ ಇರುತ್ತದೆ. ಅದೇ ಕಾಲದ ಅಮೆರಿಕನ್ ಫೋರ್ಡ್ ಕಾರುಗಳಲ್ಲಿ ಖಾಲಿಯಿದ್ದಾಗ ಸುಮಾರು 73 ಓಮ್, ತುಂಬಿದಾಗ ಸುಮಾರು 10 ಓಮ್. ಒಂದರ ಸಂವೇದಕಕ್ಕೆ ಇನ್ನೊಂದರ ಮಾಪಕವನ್ನು ಜೋಡಿಸಿದರೆ ಬರಿದಾದ ಟ್ಯಾಂಕ್ ತುಂಬಿರುವಂತೆ ಕಾಣುತ್ತದೆ. ಆದ್ದರಿಂದ ಹೊಸ ಮಾಪಕವನ್ನು ಕೊಳ್ಳುವ ಮೊದಲು ಸಂವೇದಕದ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಲಾಗುತ್ತದೆ, ಇಲ್ಲವೆ ಎರಡನ್ನೂ ಒಂದೇ ಜೋಡಿಯಾಗಿ ಬದಲಾಯಿಸಲಾಗುತ್ತದೆ.

ವೇಗಮಾಪಕ ಮತ್ತು ಟ್ಯಾಕೋಮೀಟರ್

ಸ್ಮಿತ್ಸ್ ವೇಗಮಾಪಕದ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿತವಾದ ಸಂಖ್ಯೆಯು ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಸೂಚಿಸುತ್ತದೆ. ಆ ಸಂಖ್ಯೆ 1000 ಆಗಿದ್ದರೆ, ಗಂಟೆಗೆ 60 ಮೈಲಿ ವೇಗದಲ್ಲಿ ಕೇಬಲ್ ನಿಮಿಷಕ್ಕೆ 1000 ಸುತ್ತು ತಿರುಗುತ್ತದೆ. ಟೈರಿನ ಗಾತ್ರವನ್ನಾಗಲಿ ಹಿಂಬದಿಯ ಡಿಫರೆನ್ಷಿಯಲ್ಲಿನ ಗೇರ್ ಅನುಪಾತವನ್ನಾಗಲಿ ಬದಲಾಯಿಸಿದಾಗ ಈ ಲೆಕ್ಕ ತಪ್ಪುವುದರಿಂದ ಮಾಪಕವನ್ನು ಮರುಹೊಂದಿಸಬೇಕಾಗುತ್ತದೆ. ಜಿಪಿಎಸ್ ಆಧಾರಿತ ವೇಗಮಾಪಕಗಳಿಗೆ ಈ ತೊಡಕಿಲ್ಲ. ಆದರೆ ಸುರಂಗಗಳಲ್ಲಿ ಅವುಗಳಿಗೆ ಉಪಗ್ರಹ ಸಂಕೇತ ದೊರೆಯುವುದಿಲ್ಲ.

ಎಂಜಿನ್ನಿನ ಸುತ್ತುಗಳನ್ನು ಎಣಿಸುವ ಹಳೆಯ ಸ್ಮಿತ್ಸ್ ವಿದ್ಯುತ್ ಟ್ಯಾಕೋಮೀಟರುಗಳಲ್ಲಿ ಒಂದು ಬಗೆಯವು ಇಗ್ನಿಷನ್ ತಂತಿಯಲ್ಲಿ ಹರಿಯುವ ಕರೆಂಟನ್ನು ಗ್ರಹಿಸುತ್ತವೆ. ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿದ ಮೇಲೆ ಇವು ಅನೇಕ ವೇಳೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊರಕವಚ, ಮುಖ ಮತ್ತು ಮುಳ್ಳನ್ನು ಉಳಿಸಿಕೊಂಡು ಒಳಗಿನ ಸರ್ಕ್ಯೂಟನ್ನು ಮಾತ್ರ ಬದಲಾಯಿಸುವುದು ಇದಕ್ಕೆ ಸಾಮಾನ್ಯ ಪರಿಹಾರ.

ಸುರಕ್ಷತೆ

ಹಳೆಯ ಆಮೀಟರಿನ ಮೂಲಕ ಕಾರಿನ ಬಹುಪಾಲು ಕರೆಂಟು ಹರಿಯುತ್ತದೆ. ಡೈನಮೊ ಬದಲಿಗೆ ಹೆಚ್ಚು ಸಾಮರ್ಥ್ಯದ ಆಲ್ಟರ್ನೇಟರ್ ಹಾಕಿದಾಗ ಅದರ ಸಡಿಲ ಟರ್ಮಿನಲ್‌ಗಳು ಕಾದು ಫಲಕದ ಹಿಂದೆ ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ. ಆದ್ದರಿಂದ ಆಮೀಟರನ್ನು ತೆಗೆದು ವೋಲ್ಟ್‌ಮೀಟರ್ ಹಾಕುವ ರೂಢಿಯಿದೆ. ಆರೋಗ್ಯಕರವಾದ 12 ವೋಲ್ಟ್ ಬ್ಯಾಟರಿಯು ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್, ಓಡುವಾಗ ಸುಮಾರು 14 ವೋಲ್ಟ್ ತೋರಿಸುತ್ತದೆ.

ಯಾಂತ್ರಿಕ ಒತ್ತಡಮಾಪಕಕ್ಕೆ ಎಂಜಿನ್ ಎಣ್ಣೆಯೇ ಸಣ್ಣ ಕೊಳವೆಯ ಮೂಲಕ ಬರುತ್ತದೆ. ಕೊಳವೆ ಒಡೆದರೆ ಬಿಸಿ ಎಣ್ಣೆ ಕಾರಿನೊಳಗೆ ಚಿಮ್ಮುತ್ತದೆ, ಎಂಜಿನ್ ಎಣ್ಣೆಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ನವೀಕರಣದ ವೇಳೆ ಹಳೆಯ ಕೊಳವೆಯನ್ನು ಹಾಗೆಯೇ ಬಿಡಬಾರದು.

ಎಲ್‌ಇಡಿ ದೀಪಗಳು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ನೀಡುತ್ತವೆ. ಆದರೆ ಚಾರ್ಜಿಂಗ್ ಸೂಚಕ ದೀಪದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅನೇಕ ಆಲ್ಟರ್ನೇಟರುಗಳು ಕೆಲಸ ಆರಂಭಿಸಲು ಆ ಬಲ್ಬಿನ ಮೂಲಕ ಹರಿಯುವ ಕರೆಂಟನ್ನೇ ಅವಲಂಬಿಸಿರುವುದರಿಂದ, ಅದರ ಜಾಗದಲ್ಲಿ ಎಲ್‌ಇಡಿ ಹಾಕಿದರೆ ಬ್ಯಾಟರಿ ಚಾರ್ಜ್ ಆಗದಿರಬಹುದು. ಕೆಲವು ಹಳೆಯ ಮಾಪಕಗಳ ಕತ್ತಲಲ್ಲಿ ಹೊಳೆಯುವ ಬಣ್ಣದಲ್ಲಿ ವಿಕಿರಣಶೀಲ ರೇಡಿಯಂ ಇರುವುದರಿಂದ ಅಂತಹವನ್ನು ಬಿಚ್ಚಿ ಕೆರೆಯುವುದು ಅಪಾಯಕಾರಿ.

ಮೂಲಸ್ವರೂಪ ಮತ್ತು ಕಾನೂನು

ಬಿಸಿಲಿಗೆ ಬಿರಿದ ವಿನೈಲ್ ಹೊದಿಕೆಯನ್ನು ಬದಲಾಯಿಸುವುದು, ಮರದ ಫಲಕಕ್ಕೆ ಮತ್ತೆ ವಾರ್ನಿಷ್ ಹಚ್ಚುವುದು ಮೂಲಸ್ವರೂಪಕ್ಕೆ ಧಕ್ಕೆ ತರುವುದಿಲ್ಲ. ಫಲಕವನ್ನು ಕೊರೆದು ಹೊಸ ರಂಧ್ರ ಮಾಡಿದರೆ ಅದನ್ನು ಹಿಂದಿನಂತೆ ಮಾಡುವುದು ಕಷ್ಟ. ಹೀಗಾಗಿ ಹೆಚ್ಚುವರಿ ಮಾಪಕಗಳನ್ನು ಫಲಕದ ಕೆಳಗೆ ಪ್ರತ್ಯೇಕ ಪಟ್ಟಿಯಲ್ಲಿ ಕೂರಿಸಿ, ತೆಗೆದ ಮೂಲ ಬಿಡಿಭಾಗಗಳನ್ನು ಜೋಪಾನವಾಗಿ ಇಡಲಾಗುತ್ತದೆ. ಭಾರತದಲ್ಲಿ 2021ರ ವಿಂಟೇಜ್ ವಾಹನ ನೋಂದಣಿ ನಿಯಮಗಳು 50 ವರ್ಷ ಮೀರಿದ, ಮೂಲಸ್ವರೂಪದಲ್ಲಿ ಉಳಿದಿರುವ ವಾಹನಗಳಿಗೆ ಅನ್ವಯಿಸುತ್ತವೆ. ಚಾಸಿ, ದೇಹ ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.

ವೇಗಮಾಪಕವನ್ನು ಬದಲಾಯಿಸಿದಾಗ ಕಾರು ಓಡಿದ ಒಟ್ಟು ದೂರದ ದಾಖಲೆಯೂ ಬದಲಾಗುತ್ತದೆ. ಅಮೆರಿಕದ ಸಂಯುಕ್ತ ಕಾನೂನಿನ ಪ್ರಕಾರ, ಹೊಸ ದೂರಮಾಪಕದಲ್ಲಿ ಹಳೆಯ ಸಂಖ್ಯೆಯನ್ನು ಕೂರಿಸಲಾಗದಿದ್ದರೆ ಅದನ್ನು ಸೊನ್ನೆಗೆ ಇಟ್ಟು, ಹಿಂದಿನ ಓದು ಮತ್ತು ಬದಲಾಯಿಸಿದ ದಿನಾಂಕವನ್ನು ಬರೆದ ಸೂಚನೆಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಕಾನೂನು ಹೇಳದಿರುವ ಕಡೆಯೂ ಈ ವಿವರಗಳನ್ನು ಬರೆದಿಡುವುದು ಮುಂದಿನ ಖರೀದಿದಾರನಿಗೆ ಮೋಸವಾಗುವುದನ್ನು ತಪ್ಪಿಸುತ್ತದೆ.