ಹಳೆಯ ಔಷಧಿಗೆ ಬೆಳಕಿನ ಬಲ

ಗಟ್ಟು, ಗದ್ವಾಲ, ಮಖ್ತಲ್ ಕಡೆಯ ನಮ್ಮ ವ್ಯಾಪಾರಿ ಮನೆಗಳಲ್ಲಿ ಇಂದಿಗೂ ಒಂದು ರೂಢಿಯನ್ನು ಕಾಣುತ್ತೇವೆ. ಕಾಲಿನ ಗಾಯ ಕೀವು ತುಂಬಿದರೂ ಅಂಗಡಿ ಬಿಟ್ಟು ರಾಯಚೂರಿನ ಡಾಕ್ಟರರಲ್ಲಿಗೆ ಹೋಗಲು ಪುರಸೊತ್ತಿಲ್ಲ. ಹುಡುಗನನ್ನು ಕಳುಹಿಸಿ ನಾಲ್ಕು ಆಂಟಿಬಯೋಟಿಕ್ ಮಾತ್ರೆ ತರಿಸುತ್ತೇವೆ. ನೋವು ಇಳಿದೊಡನೆ ನಿಲ್ಲಿಸುತ್ತೇವೆ. ಸಕ್ಕರೆ ಕಾಯಿಲೆಯವರಿಗೆ ಇಂತಹ ಉದಾಸೀನದಿಂದ ಕಾಲೇ ಹೋಗಬಹುದು.

ಅರೆಬರೆ ಔಷಧಿಗೆ ಸಾಯದೆ ಉಳಿದ ರೋಗಾಣುಗಳು ಮುಂದೆ ಆ ಔಷಧಿಗೇ ಬಗ್ಗುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. 2019ರಲ್ಲಿ ಔಷಧಿಗೆ ಬಗ್ಗದ ರೋಗಾಣುಗಳಿಂದ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ತಜ್ಞರ ಅಂದಾಜು.

ಹೊಸ ಔಷಧಿಗಳು ಬರುವುದು ನಿಧಾನ. ಆದ್ದರಿಂದ ಹಳೆಯ ಔಷಧಿಗೇ ಬಲ ತುಂಬುವ ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಗಾಯಗಳಲ್ಲಿ ಕೀವು ಉಂಟುಮಾಡುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ರೋಗಾಣುವಿಗೆ ಹೊಂಬಣ್ಣವಿದೆ. 'ಆರಿಯಸ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬಂಗಾರದ್ದು ಎಂದರ್ಥ. ಈ ಬಣ್ಣವೇ ಅದಕ್ಕೆ ಕವಚ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಜಿ-ಶಿನ್ ಚೆಂಗ್ ಮತ್ತು ಸಂಗಡಿಗರು ನೀಲಿ ಲೇಸರ್ ಬೆಳಕು ಹಾಯಿಸಿ ಆ ಬಣ್ಣವನ್ನು ಕೆಡಿಸಿದರು. ರೋಗಾಣುವಿನ ಹೊರಪೊರೆ ಸಡಿಲಗೊಂಡಿತು. ಬಗ್ಗದಿದ್ದ ರೋಗಾಣುವಿನ ಮೇಲೂ ಹಳೆಯ ಔಷಧಿಗಳು ಮತ್ತೆ ಕೆಲಸ ಮಾಡಿದವು. ಇದನ್ನು ಅವರು 2020ರಲ್ಲಿ ಪ್ರಕಟಿಸಿದರು.

ಇನ್ನೊಂದು ವಿಧಾನವೂ ಉಂಟು. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಹಚ್ಚಿ ಕೆಂಪು ಬೆಳಕು ಬಿಟ್ಟರೆ, ಅಲ್ಲಿನ ಆಮ್ಲಜನಕವೇ ಉಗ್ರರೂಪ ತಾಳಿ ರೋಗಾಣುವನ್ನು ಸುಡುತ್ತದೆ. ಕೆನಡಾದ ವ್ಯಾಂಕೂವರ್ ಆಸ್ಪತ್ರೆಯಲ್ಲಿ 2011ರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳ ಮೂಗನ್ನು ಹೀಗೆ ಶುದ್ಧಗೊಳಿಸಿದ್ದಾರೆ.

ಆದರೆ ಬೆಳಕು ಬಿದ್ದಲ್ಲಿ ಮಾತ್ರ ಕೆಲಸ ನಡೆದೀತು. ಚರ್ಮ, ಗಾಯ, ಬಾಯಿ, ಮೂಗಿಗೆ ಇದು ಸರಿ. ರಕ್ತಕ್ಕೂ ಶ್ವಾಸಕೋಶದ ಆಳಕ್ಕೂ ತಲುಪುವುದು ಕಷ್ಟ. ನೀಲಿ ಲೇಸರ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಮಕ್ಕಳ ಆಟದ ಲೇಸರ್ ದೀಪವನ್ನು ಗಾಯಕ್ಕೆ ಹಿಡಿದರೆ ಗುಣವಿಲ್ಲ, ಕಣ್ಣಿಗೆ ಅಪಾಯ ಮಾತ್ರ.

ಆದುದರಿಂದ ಕೈಯಲ್ಲಿರುವ ಔಷಧಿಯನ್ನು ಕಾಪಾಡಿಕೊಳ್ಳುವುದೇ ಜಾಣತನ. ಡಾಕ್ಟರರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಳ್ಳಬಾರದು. ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ಉಳಿದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬಾರದು. ಔಷಧಿ ಅಂಗಡಿ ನಡೆಸುವ ನಮ್ಮ ಬಂಧುಗಳಿಗೂ ಒಂದು ಮಾತು: 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಿ ಮಾರಿದರೆ ಡಾಕ್ಟರರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಖಾತೆಪುಸ್ತಕವನ್ನು ಅಚ್ಚುಕಟ್ಟಾಗಿ ಬರೆಯುವ ನಮಗೆ ಇದೇನು ಹೊಸ ಕೆಲಸವಲ್ಲ. ಈ ಔಷಧಿಗಳು ಊರಿಗೆಲ್ಲ ಸೇರಿದ ಅಸಲು. ಅಸಲು ಕರಗದಂತೆ ನೋಡಿಕೊಳ್ಳೋಣ.