ಸೆರಾಮಿಕ್ ನೀರಾವಿ ವಿಭಜನಾ ಕೋಶಗಳು: ವಾಯು ವಿದ್ಯುದಗ್ರದ ಬಾಳಿಕೆ ಕುರಿತು ಅರ್ಜಿದಾರರಿಗೆ ಮಾಹಿತಿ

ಕೇಂದ್ರ ಸಚಿವ ಸಂಪುಟವು ದಿನಾಂಕ 4-1-2023ರಂದು ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಅನುಮೋದನೆ ನೀಡಿರುತ್ತದೆ. ಹೈಡ್ರೋಜನ್ ಅಂದರೆ ಜಲಜನಕದ ಉತ್ಪಾದನಾ ಘಟಕ ಸ್ಥಾಪಿಸಲು ಅರ್ಜಿ ಸಲ್ಲಿಸುವವರು ಸೆರಾಮಿಕ್ ಕೋಶಗಳನ್ನು ಆಯ್ಕೆ ಮಾಡುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಕೋಶದ ಕಾರ್ಯವಿಧಾನ

ಈ ಕೋಶವು ಸಾಮಾನ್ಯವಾಗಿ 700ರಿಂದ 850 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾರ್ಯನಿರ್ವಹಿಸುತ್ತದೆ. ಒಂದು ಬದಿಯಲ್ಲಿ ನೀರಾವಿಯು ವಿಭಜನೆಗೊಂಡು ಜಲಜನಕ ದೊರೆಯುತ್ತದೆ. ಆಮ್ಲಜನಕದ ಅಯಾನುಗಳು ನಡುವಿನ ಜಿರ್ಕೋನಿಯಾ ಪದರವನ್ನು ದಾಟಿ, ಇನ್ನೊಂದು ಬದಿಯ ವಾಯು ವಿದ್ಯುದಗ್ರದಲ್ಲಿ ಅನಿಲವಾಗಿ ಹೊರಬರುತ್ತವೆ. ಅಗತ್ಯ ಶಕ್ತಿಯ ಒಂದು ಭಾಗವನ್ನು ಶಾಖದಿಂದ ಪಡೆಯಬಹುದಾದುದರಿಂದ ವಿದ್ಯುತ್ ಬಳಕೆ ಕಡಿಮೆಯಾಗುತ್ತದೆ.

2. ವಾಯು ವಿದ್ಯುದಗ್ರ ಹಾಳಾಗಲು ಕಾರಣಗಳು

ಅ) ಲ್ಯಾಂಥನಮ್ ಸ್ಟ್ರಾನ್ಷಿಯಮ್ ಮ್ಯಾಂಗನೈಟ್ ಎಲೆಕ್ಟ್ರಾನುಗಳನ್ನು ಚೆನ್ನಾಗಿ ಸಾಗಿಸುತ್ತದೆಯಾದರೂ ಅಯಾನುಗಳನ್ನು ಅತ್ಯಲ್ಪವಾಗಿ ಸಾಗಿಸುತ್ತದೆ. ಪ್ರವಾಹ ಹೆಚ್ಚಿದಾಗ ಪದರಗಳ ಸಂಧಿಯಲ್ಲಿ ಆಮ್ಲಜನಕದ ಒತ್ತಡ ಏರಿ, ಬಿರುಕು ಮೂಡಿ, ವಿದ್ಯುದಗ್ರವು ಕಳಚಿಕೊಳ್ಳಬಹುದು.

ಆ) ಲ್ಯಾಂಥನಮ್ ಸ್ಟ್ರಾನ್ಷಿಯಮ್ ಕೋಬಾಲ್ಟ್ ಫೆರೈಟ್ ಎರಡನ್ನೂ ಸಾಗಿಸುವುದರಿಂದ ಈ ಒತ್ತಡ ತಗ್ಗುತ್ತದೆ. ಆದರೆ ಅದರಲ್ಲಿನ ಸ್ಟ್ರಾನ್ಷಿಯಮ್ ಜಿರ್ಕೋನಿಯಾದೊಡನೆ ಸಂಯೋಗಗೊಂಡು, ಅಯಾನುಗಳ ಸಂಚಾರಕ್ಕೆ ಅಡ್ಡಿಯಾಗುವ ಪದರವನ್ನು ಉಂಟುಮಾಡುತ್ತದೆ.

ಇ) ಕೋಶಗಳನ್ನು ಜೋಡಿಸುವ ಉಕ್ಕಿನ ಫಲಕಗಳಿಂದ ಹೊರಡುವ ಕ್ರೋಮಿಯಂ ಆವಿಯು ವಿದ್ಯುದಗ್ರವನ್ನು ಕೆಡಿಸುತ್ತದೆ.

3. ವಿನ್ಯಾಸದಲ್ಲಿ ಕೈಗೊಳ್ಳುವ ಕ್ರಮಗಳು

ಫೆರೈಟ್ ಮತ್ತು ಜಿರ್ಕೋನಿಯಾ ನಡುವೆ ಗ್ಯಾಡೊಲಿನಿಯಂ ಸೇರಿಸಿದ ಸೀರಿಯಾದ ತೆಳು ತಡೆಪದರವನ್ನು ಇಡಲಾಗುತ್ತದೆ. ಇದೇ ಸೀರಿಯಾವನ್ನು ವಿದ್ಯುದಗ್ರದಲ್ಲಿಯೂ ಬೆರೆಸಿದಲ್ಲಿ, ಕಾಯ್ದಾಗ ಪದರಗಳು ಹಿಗ್ಗುವ ಪ್ರಮಾಣದಲ್ಲಿನ ಅಂತರ ಕಡಿಮೆಯಾಗುತ್ತದೆ. ಉಕ್ಕಿಗೆ ಮ್ಯಾಂಗನೀಸ್-ಕೋಬಾಲ್ಟ್ ಆಕ್ಸೈಡಿನ ಲೇಪನ ನೀಡಲಾಗುತ್ತದೆ. ನಡೆಸುವ ಕ್ರಮವೂ ಮುಖ್ಯವಾಗಿರುತ್ತದೆ. ಕೋಶವನ್ನು ಕೆಲಕಾಲ ವಿಭಜನೆಗೂ, ಕೆಲಕಾಲ ವಿದ್ಯುತ್ ಉತ್ಪಾದನೆಗೂ ಸರದಿಯಂತೆ ಬಳಸಿದಲ್ಲಿ, ಅಧಿಕ ಪ್ರವಾಹದಿಂದಾಗುವ ಹಾನಿಯನ್ನು ತಡೆಯಬಹುದೆಂದು ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದಾರೆ.

4. ವೆಚ್ಚದ ಲೆಕ್ಕ

ಬಿಡುವಿಲ್ಲದೆ ನಡೆಯುವ ಘಟಕಕ್ಕೆ 5 ವರ್ಷವೆಂದರೆ 43,800 ಗಂಟೆಗಳು. ಉದಾಹರಣೆಗೆ, ಪ್ರವಾಹವನ್ನು ಸ್ಥಿರವಾಗಿಟ್ಟು, ಪ್ರತಿ 1,000 ಗಂಟೆಗೆ ಕೋಶದ ವೋಲ್ಟೇಜು ಆರಂಭಿಕ ಮೌಲ್ಯದ ಶೇ. 1ರಷ್ಟು ಏರಿದಲ್ಲಿ, ಅವಧಿಯ ಅಂತ್ಯಕ್ಕೆ ಅಷ್ಟೇ ಜಲಜನಕಕ್ಕೆ ಶೇ. 44ರಷ್ಟು ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಏರಿಕೆಯು ಶೇ. 0.2 ಇದ್ದಲ್ಲಿ ಹೆಚ್ಚಳವು ಸುಮಾರು ಶೇ. 9 ಮಾತ್ರ.

5. ಅರ್ಜಿದಾರರು ಸರಬರಾಜುದಾರರಿಂದ ಪಡೆಯಬೇಕಾದ ವಿವರಗಳು

ಅ) ಪರೀಕ್ಷೆ ನಡೆಸಿದ ಒಟ್ಟು ಗಂಟೆಗಳು, ಉಷ್ಣತೆ ಹಾಗೂ ಪ್ರವಾಹದ ಪ್ರಮಾಣ
ಆ) ಪ್ರತಿ 1,000 ಗಂಟೆಗೆ ವೋಲ್ಟೇಜಿನ ಏರಿಕೆ
ಇ) ಕಾಯಿಸಿ ತಣಿಸಿದ ಆವರ್ತಗಳ ಸಂಖ್ಯೆ
ಈ) ಪರೀಕ್ಷೆಯನ್ನು ಬಿಡಿ ಕೋಶದ ಮೇಲೆ ನಡೆಸಲಾಗಿದೆಯೇ ಅಥವಾ ಪೂರ್ಣ ಜೋಡಣೆಯ ಮೇಲೆಯೇ ಎಂಬ ಬಗ್ಗೆ ಲಿಖಿತ ಮಾಹಿತಿ

ಈ ವಿವರಗಳಿಲ್ಲದೆ, ಆರಂಭಿಕ ದಕ್ಷತೆಯೊಂದನ್ನೇ ಆಧರಿಸಿ ಹಣ ತೊಡಗಿಸುವುದು ಸೂಕ್ತವಲ್ಲ.