ಗಾಜಿನ ಪೆಟ್ಟಿಗೆಯ ಚಾಕು, ಜೇಬಿನ ಚಾಕು

ಇಂಗ್ಲೆಂಡಿನ ಶೆಫೀಲ್ಡ್ ನಗರದ ಕಟ್ಲರ್ಸ್ ಹಾಲ್‌ನಲ್ಲಿ ಒಂದು ಮಡಚುವ ಚಾಕು ಇದೆ. ಮಡಚಿದರೂ ಅದು ಯಾರ ಜೇಬಿಗೂ ಹಿಡಿಸದು. ಉದ್ದ ಸುಮಾರು ಮುಕ್ಕಾಲು ಮೀಟರು, ಅಲಗು ಮತ್ತು ಸಲಕರಣೆ ಸೇರಿ 75. ಹಿಡಿಗೆ ಮುತ್ತಿನ ಚಿಪ್ಪು, ಅಲಗುಗಳ ಮೇಲೆ ನವುರಾಗಿ ಕೊರೆದ ಚಿತ್ರಗಳು. 1851ರ ಲಂಡನ್ ಮಹಾಪ್ರದರ್ಶನಕ್ಕೆಂದು ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಕಂಪನಿ ಮಾಡಿಸಿದ 'ನಾರ್ಫೋಕ್ ಚಾಕು' ಇದು. ಇದೇ ಕಂಪನಿ 1822ರಲ್ಲಿ ಇಸವಿಯ ಲೆಕ್ಕಕ್ಕೆ ಸರಿಯಾಗಿ 1,822 ಅಲಗುಗಳಿರುವ ಇನ್ನೊಂದು ಚಾಕನ್ನೂ ಮಾಡಿತ್ತು.

ಹಣ್ಣು ಕತ್ತರಿಸುವುದಕ್ಕೂ ಬಾರದ ಚಾಕಿಗೆ ಇಷ್ಟು ಶ್ರಮವೇಕೆ? ಜಾಹೀರಾತಿಗಾಗಿ ಎಂಬ ಉತ್ತರ ತಪ್ಪಲ್ಲ. ಸ್ವಿಟ್ಜರ್ಲೆಂಡಿನ ವೆಂಗರ್ ಕಂಪನಿ 87 ಸಲಕರಣೆ, 141 ಉಪಯೋಗಗಳ ದೈತ್ಯ ಚಾಕನ್ನು ಮಾರುಕಟ್ಟೆಗೆ ತಂದಾಗ ಪ್ರಪಂಚದ ಪತ್ರಿಕೆಗಳೆಲ್ಲ ಅದರ ಚಿತ್ರ ಹಾಕಿದವು. ಆದರೆ ಅಷ್ಟಕ್ಕೇ ನಿಂತರೆ ಕುಶಲಕರ್ಮಿಯ ಕಡೆಯ ಮಾತು ಉಳಿದುಹೋಗುತ್ತದೆ. ಒಂದು ಅಲಗು ತೆರೆದಾಗ ಅಳ್ಳಾಡಬಾರದು, ಮುಚ್ಚುವಾಗ ಪಕ್ಕದ ಅಲಗಿಗೆ ಉಜ್ಜಬಾರದು, ಸ್ಪ್ರಿಂಗ್ ಬಿಗಿಯಾಗಿರಬೇಕು, ಆದರೂ ಉಗುರಿಗೆ ಬಗ್ಗಬೇಕು. ಒಂದು ಅಲಗಿನಲ್ಲಿ ಇದನ್ನು ಸಾಧಿಸುವುದೇ ಕಷ್ಟ. 75ರಲ್ಲಿ ಸಾಧಿಸಿ ತೋರಿಸಿದವನ ಸಾಧಾರಣ ಚಾಕನ್ನು ಗಿರಾಕಿ ಕಣ್ಣುಮುಚ್ಚಿ ಕೊಳ್ಳುತ್ತಾನೆ.

ಇಂದು ದುಬಾರಿ ಬೆಲೆಗೆ, ಕೆಲವೇ ನೂರರ ಲೆಕ್ಕದಲ್ಲಿ ತಯಾರಾಗುವ ಮಡಚುವ ಚಾಕುಗಳ ಹಿಂದೆ ಮತ್ತೊಂದು ಕಾರಣವೂ ಇದೆ, ಮತ್ತು ಅದೇ ಹೆಚ್ಚು ಮುಖ್ಯ. ಹೊಸ ಬೀಗ, ಹೊಸ ಉಕ್ಕು, ಹೊಸ ಲೋಹ ಇವೆಲ್ಲ ಮೊದಲು ಪರೀಕ್ಷೆಗೆ ಕೂರುವುದು ಈ ಚಾಕುಗಳಲ್ಲೇ.

ಬೀಗದ ಕತೆಯನ್ನೇ ನೋಡಬಹುದು. ಮಡಚುವ ಚಾಕಿನ ದೊಡ್ಡ ಭಯವೆಂದರೆ ಕೆಲಸದ ನಡುವೆ ಅಲಗು ಮಡಚಿಕೊಂಡು ಬೆರಳಿನ ಮೇಲೆ ಬೀಳುವುದು. ಅಮೆರಿಕದ ಮೈಕೆಲ್ ವಾಕರ್ 1980ರ ದಶಕದ ಆರಂಭದಲ್ಲಿ, ಕೈಯಲ್ಲಿ ಒಂದೊಂದಾಗಿ ಮಾಡುತ್ತಿದ್ದ ಕಲಾತ್ಮಕ ಚಾಕುಗಳಲ್ಲಿ ಹಳೆಯ ಉಪಾಯವೊಂದನ್ನು ತಿದ್ದಿ ತೀಡಿದರು. ಹಿಡಿಯ ಒಳಗಿನ ತೆಳು ಲೋಹದ ಪಟ್ಟಿಯನ್ನು ಸೀಳಿ, ತುಸು ಒಳಕ್ಕೆ ಬಾಗಿಸಿದರು. ಅಲಗು ಪೂರ್ತಿ ತೆರೆದುಕೊಂಡ ಕ್ಷಣ ಆ ಪಟ್ಟಿ 'ಟಕ್' ಎಂದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ಹೆಬ್ಬೆರಳಿನಿಂದ ಪಟ್ಟಿಯನ್ನು ಅತ್ತ ತಳ್ಳಿದರಷ್ಟೇ ಚಾಕು ಮುಚ್ಚೀತು. ಚಾಕು ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳದಂತೆ ಪಟ್ಟಿಯಲ್ಲೊಂದು ಪುಟ್ಟ ಗುಂಡು ಕೂರಿಸಿದರು. ಇದೇ ಲೈನರ್ ಲಾಕ್.

ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಐಡಹೋಗೆ ಹೋಗಿ ನೆಲೆಸಿದ ಕ್ರಿಸ್ ರೀವ್ ಅದನ್ನು ಇನ್ನಷ್ಟು ಸರಳಗೊಳಿಸಿದರು. ಒಳಪಟ್ಟಿಯೇ ಏಕೆ, ಟೈಟಾನಿಯಂ ಹಿಡಿಯ ಒಂದು ಮಗ್ಗುಲೇ ಬೀಗವಾಗಲಿ ಎಂದರು. ಉಕ್ಕಿನ ದಪ್ಪ ತಗಡನ್ನು ಹೀಗೆ ಬಾಗಿಸುವುದು ಕಷ್ಟ. ಟೈಟಾನಿಯಂ ಮಾತ್ರ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು ಬಲಕ್ಕೇ ಅಷ್ಟು ಬಾಗುತ್ತದೆ, ಬಿಟ್ಟರೆ ಸ್ವಸ್ಥಾನಕ್ಕೆ ಮರಳುತ್ತದೆ. ಆ ಚಾಕಿನ ಹೆಸರು ಸೆಬೆಂಜಾ, ಜುಲು ಭಾಷೆಯಲ್ಲಿ 'ಕೆಲಸ' ಎಂದರ್ಥ. ಅದು ಬಂದ ಕಾಲಕ್ಕೆ ಒಂದು ಜೇಬುಚಾಕಿಗೆ ಇಷ್ಟು ಬೆಲೆಯೇ ಎಂದು ಹುಬ್ಬೇರಿಸುವಂತಿತ್ತು. ಇವತ್ತು ಅದೇ ಬೀಗ ಅಗ್ಗದ ಚಾಕುಗಳಲ್ಲೂ ಸಿಗುತ್ತದೆ. ತಮ್ಮ ಬೆರಳನ್ನು ಕಾಯುತ್ತಿರುವುದು ಯಾರ ಯೋಚನೆ ಎಂಬುದು ಅವನ್ನು ಬಳಸುವ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾಗಬೇಕು.

ಉಕ್ಕಿನ ವಿಷಯಕ್ಕೆ ಬಂದರೆ ಲೆಕ್ಕಾಚಾರವೇ ಬೇರೆ. ಅಲಗು ಬೇಗ ಮೊಂಡಾಗದಿರಲು ಉಕ್ಕಿನೊಳಗೆ ಕಾರ್ಬೈಡ್ ಎಂಬ ಗಟ್ಟಿ ಕಣಗಳಿರಬೇಕು. ಕರಗಿದ ಉಕ್ಕನ್ನು ಅಚ್ಚಿಗೆ ಹೊಯ್ದರೆ ಅದು ನಿಧಾನವಾಗಿ ಆರುತ್ತದೆ, ಅಷ್ಟರಲ್ಲಿ ಈ ಕಣಗಳು ದಪ್ಪದಪ್ಪನಾಗಿ ಬೆಳೆದು ಅಲಗು ಚಕ್ಕೆ ಏಳುವಂತಾಗುತ್ತದೆ. ಪುಡಿಲೋಹದ ವಿಧಾನ ಇದಕ್ಕೆ ಪರಿಹಾರ. ಕರಗಿದ ಉಕ್ಕಿನ ಧಾರೆಗೆ ರಭಸದಿಂದ ಅನಿಲ ಊದಿದರೆ ಅದು ಸಣ್ಣ ಹನಿಗಳಾಗಿ ಸಿಡಿದು ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಆ ಪುಡಿಯನ್ನು ಡಬ್ಬಿಯಲ್ಲಿ ತುಂಬಿ, ಕಾಯಿಸಿ, ಭಾರೀ ಒತ್ತಡದಲ್ಲಿ ಒಂದಾಗಿಸುತ್ತಾರೆ. ಕಣಗಳು ಚಿಕ್ಕವಾಗಿ, ಎಲ್ಲೆಡೆ ಸಮನಾಗಿ ಹರಡಿಕೊಂಡಿರುತ್ತವೆ.

ಇಂಥ ಉಕ್ಕುಗಳಲ್ಲೊಂದಾದ ಎಸ್90ವಿಯಲ್ಲಿ ಶೇ. 9ರಷ್ಟು ವನಾಡಿಯಂ ಇದೆ. ವನಾಡಿಯಂ ಕಾರ್ಬೈಡ್ ಸಾಮಾನ್ಯ ಸಾಣೆಕಲ್ಲಿನ ಅಲ್ಯುಮಿನಾಕ್ಕಿಂತಲೂ ಗಟ್ಟಿ. ಕಾರ್ಖಾನೆಯಲ್ಲಿ ಇದನ್ನು ಉಜ್ಜುವಾಗ ಸಾಣೆಯ ಪಟ್ಟಿಗಳೇ ಸವೆದು ಹೋಗುತ್ತವೆ, ಒಂದೊಂದು ಅಲಗಿಗೂ ಹೆಚ್ಚು ಹೊತ್ತು ಬೇಕು. ಲಕ್ಷಗಟ್ಟಲೆ ಚಾಕು ಮಾಡುವ ಕಂಪನಿ ಒಮ್ಮೆಲೇ ಇದಕ್ಕೆ ಕೈಹಾಕಿದರೆ ಕೈ ಸುಟ್ಟುಕೊಂಡೀತು. ಆದ್ದರಿಂದ ಕೊಲರಾಡೋದ ಸ್ಪೈಡರ್ಕೋದಂಥ ಕಂಪನಿಗಳು ತಮ್ಮ ಹೆಸರಾಂತ ಮಾದರಿಯನ್ನೇ ಹೊಸ ಉಕ್ಕಿನಲ್ಲಿ, ಮಿತ ಸಂಖ್ಯೆಯಲ್ಲಿ ಹೊರತರುತ್ತವೆ. ಅವರಲ್ಲಿ ಇದಕ್ಕೆ 'ಸ್ಪ್ರಿಂಟ್ ರನ್' ಎಂದು ಹೆಸರು. ಕೊಳ್ಳುವವರು ಹಗ್ಗ, ರಟ್ಟು ಕತ್ತರಿಸಿ, ಸಾಣೆ ಹಿಡಿದು ಗುಣದೋಷ ಹೇಳುತ್ತಾರೆ. ಕಾರ್ಖಾನೆಯವರೂ ಆ ಉಕ್ಕಿಗೆ ಹದ ಹಾಕುವುದನ್ನು ಕಲಿಯುತ್ತಾರೆ.

ಈ ದಾರಿಯಲ್ಲಿ ಎಷ್ಟು ಬೇಗ ನಡೆಯಬಹುದು ಎಂಬುದಕ್ಕೆ ಮ್ಯಾಗ್ನಾಕಟ್ ಒಳ್ಳೆಯ ಉದಾಹರಣೆ. ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ಚಾಕಿಗೆಂದೇ ರೂಪಿಸಿದ ಈ ಉಕ್ಕು ಬೆಳಕು ಕಂಡದ್ದು 2021ರಲ್ಲಿ. ಇದರಲ್ಲಿ ಕ್ರೋಮಿಯಂ ಕಾರ್ಬೈಡ್ ಆಗಿ ಕಟ್ಟಿಕೊಳ್ಳದೆ ತುಕ್ಕು ತಡೆಯುವ ಕೆಲಸಕ್ಕೆ ಪೂರ್ತಿ ಉಳಿಯುತ್ತದೆ. ಕೈಕುಶಲಿಗಳ ಚಾಕುಗಳಲ್ಲಿ ಹೆಸರು ಮಾಡಿದ ಅದು 2024ರ ಹೊತ್ತಿಗೆ ಲೆದರ್‌ಮನ್ ಕಂಪನಿಯ ಬಹೂಪಯೋಗಿ ಇಕ್ಕಳದವರೆಗೆ ಬಂದು ಮುಟ್ಟಿತ್ತು.

ಪ್ರದರ್ಶನದ ಚಾಕುಗಳ ಹಿಡಿಯಲ್ಲಿ ಹೊಳೆಯುವ ನೀಲಿ, ನೇರಳೆ, ಹಸಿರು ಬಣ್ಣವಲ್ಲ, ಬೆಳಕು. ಟೈಟಾನಿಯಂ ಹಿಡಿಯನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಮೈಮೇಲೆ ಆಕ್ಸೈಡಿನ ಪಾರದರ್ಶಕ ಪೊರೆ ಕಟ್ಟುತ್ತದೆ. ಸಾಬೂನಿನ ಗುಳ್ಳೆಯಲ್ಲಿ ಆಗುವುದೇ ಇಲ್ಲೂ ಆಗುವುದು. 30 ವೋಲ್ಟಿನ ಆಸುಪಾಸಿನಲ್ಲಿ ನೀಲಿ, ವೋಲ್ಟೇಜ್ ಏರಿಸುತ್ತ ಹೋದಂತೆ ಪೊರೆ ದಪ್ಪವಾಗಿ ಹಳದಿ, ಗುಲಾಬಿ, ಹಸಿರು.

ಇನ್ನು ಅಲಗಿನ ಮೇಲಿನ ಅಲೆಅಲೆ ಚಿತ್ತಾರ. ಇದನ್ನು ಡಮಾಸ್ಕಸ್ ಎಂದು ಮಾರುತ್ತಾರೆ. ಇಂದಿನ ಬಹುಪಾಲು ಡಮಾಸ್ಕಸ್ ಎಂದರೆ ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು, ತಿರುಚಿ, ಆಮ್ಲದಲ್ಲಿ ಅದ್ದಿದ್ದು. ಮೂಲ ಡಮಾಸ್ಕಸ್ ಕತ್ತಿಯ ಚಿತ್ತಾರ ಬಂದದ್ದು ದಕ್ಷಿಣ ಭಾರತದ ಮೂಸೆಯ ಉಕ್ಕಿನೊಳಗಿಂದಲೇ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಅಂಥ ಮೂಸೆಗಳ ಚೂರುಗಳು ದೊರೆತಿವೆ. ಯುರೋಪಿನಲ್ಲಿ ಈ ಉಕ್ಕಿಗೆ ಬಿದ್ದ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಪದದ ಅಪಭ್ರಂಶ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಅದರ ಚಿತ್ತಾರದ ಗುಟ್ಟನ್ನು ಅಮೆರಿಕದ ಜಾನ್ ವೆರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ಬಿಡಿಸಿದರು. ಅದಿರಿನಿಂದ ಬಂದ ಅತ್ಯಲ್ಪ ವನಾಡಿಯಂ, ಕಾರ್ಬೈಡ್ ಕಣಗಳನ್ನು ಸಾಲುಸಾಲಾಗಿ ಜೋಡಿಸುತ್ತಿತ್ತು. ಎಸ್90ವಿಯಲ್ಲಿ ಶೇ. 9ರಷ್ಟು ಇರುವ ವನಾಡಿಯಂ ಇದೇ.

1795ರಲ್ಲಿ ಲಂಡನ್ನಿನ ವಿಜ್ಞಾನಿ ಜಾರ್ಜ್ ಪಿಯರ್ಸನ್ ಈ ವೂಟ್ಜ್ ಉಕ್ಕನ್ನು ಪರೀಕ್ಷಿಸಿದಾಗ, ಅದರ ತುಂಡನ್ನು ಪುಟ್ಟ ಪೆನ್‌ನೈಫ್ ಆಗಿ ಬಡಿದುಕೊಟ್ಟವನು ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ. ಮುಂದೆ ಅವನು ಯುವಕ ಮೈಕೆಲ್ ಫ್ಯಾರಡೆಯ ಜೊತೆಗೂಡಿ, ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿ ನೋಡಿದ. ಆ ಮಿಶ್ರಲೋಹದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಹಂಚುತ್ತಿದ್ದ. ಉಳಿದ ತುಂಡುಗಳು ಒಂದು ಪೆಟ್ಟಿಗೆಯಲ್ಲಿ ಸುಮಾರು ನೂರು ವರ್ಷ ಮಲಗಿದ್ದವು. ಕಡೆಗೆ ಆ 79 ಮಾದರಿಗಳನ್ನು ಪರೀಕ್ಷೆಗೆ ಎತ್ತಿಕೊಂಡು 1931ರಲ್ಲಿ ಅವುಗಳ ಬಗ್ಗೆ ಪುಸ್ತಕ ಬರೆದವರು ರಾಬರ್ಟ್ ಹ್ಯಾಡ್‌ಫೀಲ್ಡ್, ಮ್ಯಾಂಗನೀಸ್ ಉಕ್ಕನ್ನು ಕಂಡುಹಿಡಿದ ಶೆಫೀಲ್ಡಿನ ಲೋಹವಿಜ್ಞಾನಿ.